ಕಟಕೋಳದ ಉಳವಪ್ಪ ಮತ್ತು ಹಾರುವ ಛತ್ರಿ

ಕಟಕೋಳದ ಉಳವಪ್ಪನಿಗೆ ಏನನ್ನಾದರೂ ಮಾರುವುದೆಂದರೆ ವ್ಯಾಪಾರಿಗಳಿಗೆ ತಲೆನೋವು. ಜೋಳ ಕೊಳ್ಳಲು ಹೋದರೆ ಚೀಲದ ಬಾಯಿಯ ಕಾಳು ನೋಡುವವನಲ್ಲ. ತೋಳು ಮುಳುಗುವ ತನಕ ಕೈ ಇಳಿಸಿ ತಳದ ಕಾಳು ತೆಗೆಯುವವನು. ಎತ್ತು ಕೊಳ್ಳಲು ಹೋದರೆ ಹಲ್ಲು ನೋಡಿ, ಗೊರಸು ನೋಡಿ, ಆಮೇಲೆ ಮಾರುವವನ ಮುಖವನ್ನೂ ಅಷ್ಟೇ ಹೊತ್ತು ನೋಡಿ, ಕೊನೆಗೆ ಕೊಳ್ಳದೆ ಬರುವವನು. ಹೆಂಡತಿ ಬಾಯವ್ವ ಬಡಿಸಿದ ರೊಟ್ಟಿಯನ್ನು ಸಹ ಮಗುಚಿ ನೋಡಿಯೇ ಮುರಿಯುತ್ತಿದ್ದ.

ಅವನು ಹುಟ್ಟಿನಿಂದ ಹೀಗಿರಲಿಲ್ಲ. ಒಂದು ಬೇಸಿಗೆಯಲ್ಲಿ ಅವನ ಅಣ್ಣ ಮುದಕಪ್ಪ ಹೊಲದ ಬಾವಿಯ ಹೂಳೆತ್ತಲು ಇಳಿದಾಗ ಮೇಲೆ ನಿಂತು ಹಗ್ಗ ಹಿಡಿದವನು ಉಳವಪ್ಪನೇ. ಹೊಸ ಹಗ್ಗ. ಆನೆ ಕಟ್ಟಿದರೂ ತಡೆಯುತ್ತದೆ ಎಂದು ಮಾರಿದವನು ಹೇಳಿ ಕೊಟ್ಟಿದ್ದ. ಮುದಕಪ್ಪ ಕೆಳಗಿನಿಂದ ಏನೋ ಮಾತಾಡುತ್ತಿರುವಾಗಲೇ ಉಳವಪ್ಪನ ಕೈಯಲ್ಲಿದ್ದ ಭಾರ ಇದ್ದಕ್ಕಿದ್ದಂತೆ ಇಲ್ಲವಾಯಿತು. ಆಮೇಲೆ ಹಗ್ಗ ಬಿಚ್ಚಿ ನೋಡಿದರೆ ಮೇಲಿನ ಎಳೆಗಳಷ್ಟೇ ಹೊಸವು; ಒಳಗಿನ ನಾರು ಹಳೆಯದು, ಮುಟ್ಟಿದರೆ ಪುಡಿಯಾಗುತ್ತಿತ್ತು. ಮಣ್ಣು ಕೊಟ್ಟು ಬಂದ ದಿನದಿಂದ ಉಳವಪ್ಪ ಯಾರ ಮಾತನ್ನೂ ಮಾತೆಂದು ನಂಬಲಿಲ್ಲ. ಮುಟ್ಟಿ ನೋಡಿದ್ದಷ್ಟೇ ಖರೆ.

ಅದು ಪ್ಲೇಗು ಬಂದು ಹೋದ ಹೊಸತು. ಸರಕಾರದವರು ಬಂದು ಮನೆ ಬಿಡಿಸಿ, ಜನರನ್ನು ಊರ ಹೊರಗಿನ ಗುಡಿಸಲುಗಳಿಗೆ ಕಳಿಸಿ, ಸೂಜಿ ಚುಚ್ಚಿಸಿಕೊಳ್ಳಿರೆಂದು ಹೇಳಿ ಹೋಗಿದ್ದರು. ಸೂಜಿಯಿಂದ ಬೇನೆ ಹೋಗುತ್ತದೋ ಬರುತ್ತದೋ ಎಂಬುದು ಯಾರಿಗೂ ತಿಳಿಯದೆ, ಸೀಮೆಯ ಮಂದಿಯೆಲ್ಲ ಹೊಸ ಮುಖ ಕಂಡರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಕಾಲ. ಅಂಥ ಕಾಲದಲ್ಲಿ ಸವದತ್ತಿಯ ಸಂತೆಗೆ ಹತ್ತಿ ಹೇರಿಕೊಂಡು ಹೋದ ಬಾಯವ್ವನ ತಮ್ಮ ಸೋಮಪ್ಪ ತಿರುಗಿ ಬರಲಿಲ್ಲ. ಅವನ ಬಂಡಿಯನ್ನು ಬೇರೆ ಯಾರೋ ಹೊಡೆದುಕೊಂಡು ಬಂದರು; ಜೊತೆಗೆ ಸುದ್ದಿಯನ್ನೂ ತಂದರು. ಮೀರಜದ ಕಡೆಯವನೊಬ್ಬ ಸವದತ್ತಿಯ ಹೊರಗೆ ಡೇರೆ ಹಾಕಿದ್ದಾನೆ. ಬಲೂನೆಂಬ ಹೊಗೆ ತುಂಬಿದ ದೊಡ್ಡ ಚೀಲಕ್ಕೆ ಮನುಷ್ಯನನ್ನು ಕಟ್ಟಿ ಆಕಾಶಕ್ಕೆ ಬಿಡುತ್ತಾನಂತೆ. ಮೇಲೆ ಹೋದವನು ಒಂದು ಬಟ್ಟೆಯ ಛತ್ರಿ ಹಿಡಿದು ಜಿಗಿಯಬೇಕಂತೆ. ಜಿಗಿಯುವವನು ಸೋಮಪ್ಪ.

ತಾಯಿ ಸತ್ತ ಮೇಲೆ ಸೋಮಪ್ಪನನ್ನು ಎತ್ತಿ ಬೆಳೆಸಿದವಳು ಬಾಯವ್ವ. ಅಳಲಿಲ್ಲ. ಬುತ್ತಿ ಕಟ್ಟಿ ಗಂಡನ ಮುಂದಿಟ್ಟಳು.

"ಇಷ್ಟ ವರ್ಷ ನಿಮ್ಮ ಸಂಶೆ ನಾ ತಾಳಿಕೊಂಡೇನಿ," ಎಂದಳು. "ಇವತ್ತ ಅದು ಉಪಯೋಗಕ್ಕ ಬರಲಿ. ಹೋಗ್ರಿ. ಆ ಮನಿಶಾನ ಮೋಸ ಏನೈತಿ ಹುಡುಕಿ ಹೊರಗ ಹಾಕ್ರಿ. ಹುಡುಗನ್ನ ಕರಕೊಂಡ ಬರ್ರಿ."

ಡೇರೆ ಊರಾಚೆ, ಜೋಳ ಕೊಯ್ದ ಬಯಲಿನಲ್ಲಿತ್ತು. ಉಳವಪ್ಪ ನೇರ ಅಲ್ಲಿಗೆ ಹೋಗಲಿಲ್ಲ. ಬಯಲ ಅಂಚಿನ ಜಾಲಿ ಮರದ ಕೆಳಗೆ ಕುಳಿತು ಮಧ್ಯಾಹ್ನದ ತನಕ ನೋಡಿದ. ಡೇರೆಯ ಯಜಮಾನ ಖರಾತ ಎಂಬವನು. ಎಲ್ಲರೂ ಪ್ರೊಫೆಸರ್ ಎನ್ನುತ್ತಿದ್ದರು. ತಲೆಗೆ ಕೆಂಪು ಪಟಕ, ಬಣ್ಣ ಮಾಸಿದ ಕೋಟು, ಒಂದು ಕಾಲು ಎಳೆದು ಹಾಕುವ ನಡಿಗೆ. ಬಲೂನಿಗೆ ಹೊಗೆ ಹಾಯಿಸಲು ನೆಲದಲ್ಲಿ ತೋಡಿದ ಬೆಂಕಿಯ ಕಾಲುವೆ ನೋಡಿಕೊಳ್ಳಲು ಉಗರಗೋಳದ ಬೀರಪ್ಪ ಎಂಬ ಮೌನಿ. ಸೋಮಪ್ಪ ಮಾತ್ರ ಬೇವಿನ ಮರದ ಟೊಂಗೆಯಿಂದ ಚರ್ಮದ ಪಟ್ಟಿಯಲ್ಲಿ ನೇತಾಡುತ್ತ ನಗುತ್ತಿದ್ದ.

ಉಳವಪ್ಪನ ತಲೆಯಲ್ಲಿ ಮೊದಲು ಹುಟ್ಟಿದ ಪ್ರಶ್ನೆ ಒಂದೇ. ಹಾರುವುದು ಅಷ್ಟು ಸಲೀಸಾದರೆ ಇವನು ತಾನೇ ಯಾಕೆ ಹಾರುವುದಿಲ್ಲ? ಕುಂಟುವುದು ನಾಟಕವಿರಬೇಕು. ಪ್ರೊಫೆಸರ್ ಹಳ್ಳಕ್ಕೆ ಸ್ನಾನಕ್ಕೆ ಹೋದಾಗ ಇವನೂ ಗಿಡಕಂಟಿಯ ಮರೆಯಲ್ಲಿ ಹಿಂದೆಯೇ ಹೋದ. ಯಾರೂ ನೋಡದಿರುವಾಗ ಹೇಗೆ ನಡೆಯುತ್ತಾನೆ ನೋಡೋಣವೆಂದು.

"ಅಷ್ಟ ದೂರದಿಂದ ಏನ ಕಾಣತೈತಿ ಪಾವಣೇರ?" ಪ್ರೊಫೆಸರ್ ತಿರುಗದೆಯೇ ಕೇಳಿದ. "ಹತ್ತಿರ ಬಂದ ನೋಡ್ರಿ."

ಉಳವಪ್ಪನಿಗೆ ನಾಚಿಕೆಯಾಯಿತು. ಆದರೂ ಹೋಗಿ ನೋಡಿದ. ಮೊಣಕಾಲ ಚಿಪ್ಪು ಪಕ್ಕಕ್ಕೆ ಸರಿದು, ಅದರ ಮೇಲೆ ಸುಟ್ಟ ಹಗ್ಗದಂಥ ಗಾಯದ ಗೆರೆ. ಮುಟ್ಟಿಯೂ ನೋಡಿದ. ನಾಟಕವಲ್ಲ.

"ಕಾಲ ಬಿಗಿ ಹಿಡದ ಇಳದೆ," ಎಂದ ಪ್ರೊಫೆಸರ್. "ಮೊಣಕಾಲ ಸಡ್ಲ ಬಿಡಬೇಕು ಅನ್ನೂದು ನನಗ ಗೊತ್ತಿತ್ತು, ಆದ್ರ ಹೆದರಿಕಿಗೆ ಗೊತ್ತಿರಲಿಲ್ಲ. ನೀವು ಆ ಹುಡುಗನ ಮಾವಾರಲ್ಲ? ಮುಂಜಾನಿಂದ ಜಾಲಿ ಗಿಡದ ಬುಡಕ ಕುಂತೀರಿ. ನಂಬಬ್ಯಾಡ್ರಿ ನನ್ನ. ಕಲೀರಿ. ಕಲತ ಮ್ಯಾಲ ಹುಡುಗನ್ನ ಕರಕೊಂಡ ಹೋಗೂದಿದ್ರ ಕರಕೊಂಡ ಹೋಗ್ರಿ."

ಇದೂ ಒಂದು ಬಲೆಯೇ ಎಂದು ಉಳವಪ್ಪ ಎಣಿಸಿದ. ಆದರೆ ಬಲೆಯನ್ನು ಒಳಗಿನಿಂದ ನೋಡಿದಷ್ಟು ಹೊರಗಿನಿಂದ ನೋಡಲಾಗುವುದಿಲ್ಲ. ಉಳಿದ.

ಮೊದಲು ಬೀಳುವುದನ್ನು ಕಲಿಸಿದರು. ನಿಂತ ಬಂಡಿಯ ಮೇಲಿಂದ ಕಣಕಿಯ, ಒಣಗಿದ ಜೋಳದ ದಂಟಿನ ಹಾಸಿಗೆಗೆ ಜಿಗಿಯುವುದು. ಎರಡೂ ಪಾದ ಜೋಡಿಸಿ, ಮೊಣಕಾಲು ಸ್ವಲ್ಪ ಮಡಿಸಿ, ಗದ್ದ ಎದೆಗೆ ಒತ್ತಿ, ನೆಲ ತಾಗಿದ ಕೂಡಲೇ ಪಕ್ಕಕ್ಕೆ ಉರುಳಿಬಿಡಬೇಕು. ಕೈ ಊರಬಾರದು, ಊರಿದರೆ ಮಣಿಕಟ್ಟು ಹೋಯಿತು. ಉಳವಪ್ಪನ ಕೈ ತಾನಾಗಿಯೇ ನೆಲ ಹುಡುಕುತ್ತಿತ್ತು. ಪ್ರೊಫೆಸರ್ ಅವನ ಎರಡೂ ಕೈಗೆ ಒಂದು ತುಂಬಿದ ತಂಬಿಗೆ ಕೊಟ್ಟು ಜಿಗಿಯೆಂದ. ನೀರು ಚೆಲ್ಲುವ ಚಿಂತೆಯಲ್ಲಿ ಕೈ ಊರುವುದನ್ನು ಮರೆತ. ಆಮೇಲೆ ಬಂಡಿಯನ್ನು ಓಡಿಸಿ ಅದರಿಂದ ಜಿಗಿಸಿದರು, ಗಾಳಿಗೆ ಜಾರಿಕೊಂಡು ಇಳಿಯುವ ರೂಢಿಯಾಗಲೆಂದು.

ಬೇವಿನ ಮರಕ್ಕೆ ಮೊದಲ ಸಲ ನೇತಾಡಿದ ದಿನ ಪಟ್ಟಿ ಎದೆಗೆ ಬಿಗಿದು ಕಾಲು ನೆಲ ಬಿಟ್ಟಿತು. ಉಳವಪ್ಪ ಕಣ್ಣು ಮುಚ್ಚಿ, ಹಗ್ಗ ಹರಿಯುವುದನ್ನು ಕಾದ. ಹರಿಯಲಿಲ್ಲ. ಬಹಳ ಹೊತ್ತು ಕಾದ. ಸೋಮಪ್ಪ ಕೆಳಗಿನಿಂದ, "ಮಾವಾ, ಇಳೀರಿ, ಊಟ ಆರತೈತಿ," ಎಂದು ಕೂಗಿದ ಮೇಲೆ ಇಳಿದ.

ಛತ್ರಿಯೆಂದರೆ ದೊಡ್ಡ ಬಿಳಿ ಬಟ್ಟೆ. ಅದರ ಅಂಚಿನಿಂದ ಹೊರಟ ಹಗ್ಗಗಳೆಲ್ಲ ಕೆಳಗೆ ಒಂದು ಕಟ್ಟಿಗೆಯ ಬಳೆಗೆ ಬಂದು ಸೇರುತ್ತಿದ್ದವು. ಮಡಿಸುವಾಗ ಒಂದು ಹಗ್ಗ ಇನ್ನೊಂದನ್ನು ದಾಟಬಾರದು. ದಾಟಿದರೆ ಛತ್ರಿ ಮುಷ್ಟಿಯಂತೆ ಮುಚ್ಚಿಯೇ ಬರುತ್ತದೆ. ಅದರ ನೆತ್ತಿಯನ್ನು ಬಲೂನಿಗೆ ಒಂದು ತೆಳು ದಾರದಿಂದ ಕಟ್ಟುತ್ತಿದ್ದರು. ಹಾರುವವನು ಬಲೂನಿಗೆ ತೂಗುಬಿಟ್ಟ ಕೋಲಿನ ಮೇಲೆ ಕುಳಿತು, ಮೇಲೆ ಹೋದ ಮೇಲೆ ಜಾರಬೇಕು. ಅವನ ಭಾರಕ್ಕೆ ಛತ್ರಿ ಉದ್ದಕ್ಕೆ ಎಳೆದುಕೊಂಡು, ಆ ದಾರ ಹರಿದು, ಗಾಳಿ ತುಂಬಿ ಅರಳಬೇಕು. ಹರಿಯಲಿಕ್ಕೆಂದೇ ಕಟ್ಟಿದ ದಾರ! ಉಳವಪ್ಪನಿಗೆ ಇದು ಯಾವತ್ತಿಗೂ ಸರಿ ಅನಿಸಲಿಲ್ಲ. ಹರಿಯಬಾರದ್ದು ಹರಿಯುತ್ತದೆಂದು ಅವನಿಗೆ ಗೊತ್ತಿತ್ತು. ಹರಿಯಬೇಕಾದ್ದು ಹರಿಯುತ್ತದೆಂದು ಯಾರು ಹೇಳಬೇಕು? ಛತ್ರಿಯ ನೆತ್ತಿಯನ್ನು ಅಂಥದೇ ದಾರದಿಂದ ಮರದ ಟೊಂಗೆಗೆ ಕಟ್ಟಿ, ಕೆಳಗೆ ಮಣ್ಣಿನ ಚೀಲ ಬಿಗಿದು, ಮತ್ತೆ ಮತ್ತೆ ಬೀಳಿಸಿ ನೋಡಿದ. ಪ್ರತಿ ಸಲವೂ ದಾರ ಹರಿಯಿತು. ಪ್ರೊಫೆಸರ್ ದೂರದಲ್ಲಿ ಬೀಡಿ ಸೇದುತ್ತ ಕುಳಿತಿದ್ದ.

"ಸಾಕಾತೇನ್ರಿ?"

"ಸಾಕಾಗಿಲ್ಲ."

"ಹಾಂಗಿದ್ರ ಇನ್ನೂ ನೋಡ್ರಿ. ನನ್ನ ಹಂತ್ಯಾಕ ಕಲ್ಯಾಕ ಬಂದವ್ರೊಳಗ ಸತ್ತಾವ ಒಬ್ಬನ. ಅಂವ ಬ್ಯಾರೆದವ್ರು ಮಡಿಚಿದ ಛತ್ರಿ ತಗೊಂಡ ಹೋಗಿದ್ದ."

ಆ ದಿನದಿಂದ ಹಗ್ಗಗಳನ್ನು ನೋಡುವ ಕೆಲಸ ಉಳವಪ್ಪನದಾಯಿತು. ದಿನಾ ಮುಂಜಾನೆ ಛತ್ರಿಯನ್ನು ಬಿಸಿಲಿಗೆ ಹಾಸಿ, ಬಟ್ಟೆಯನ್ನು ಸೂರ್ಯನಿಗೆ ಹಿಡಿದು ತೂತು ಹುಡುಕುತ್ತಿದ್ದ; ಪ್ರತಿ ಹಗ್ಗವನ್ನು ಬೆರಳ ನಡುವೆ ಬಿಟ್ಟುಕೊಂಡು ಅಂಚಿನಿಂದ ಬಳೆಯ ತನಕ ಸವರಿಕೊಂಡು ಬರುತ್ತಿದ್ದ. ಬಳೆಯ ಹತ್ತಿರ ಗಂಟುಗಳಿಗೆ ಚರ್ಮ ಸುತ್ತಿದ್ದರು. ಅದನ್ನೂ ಬಿಚ್ಚಿ ನೋಡುತ್ತಿದ್ದ. ಸೋಮಪ್ಪ ಆ ಹೊತ್ತಿಗೆ ದೂರದಲ್ಲೆಲ್ಲೋ ಮಲಗಿರುತ್ತಿದ್ದ. ಹಗ್ಗ ನೋಡುವುದು ಅವನಿಗೆ ಬೇಜಾರಿನ ಕೆಲಸ.

ಹಾರುವ ದಿನ ಗೊತ್ತಾಗಿ, ಸುತ್ತಲ ಹಳ್ಳಿಗಳಿಗೆ ಡಂಗುರ ಹೋಯಿತು. ಜನರ ಸಂಶಯ ಅಷ್ಟಕ್ಕೇ ಎದ್ದಿತು. ಬಲೂನಿನಿಂದ ಪ್ಲೇಗಿನ ಪುಡಿ ಉದುರಿಸುತ್ತಾರೆ ಎಂದು ಕೆಲವರು. ಬಲಿ ಕೊಡಲಿಕ್ಕೆ ಒಬ್ಬನನ್ನು ಕೊಬ್ಬಿಸುತ್ತಿದ್ದಾರೆ ಎಂದು ಕೆಲವರು. ಡೇರೆಯವರಿಗೆ ಬಾವಿಯಲ್ಲಿ ನೀರು ಸೇದಲು ಬಿಡಲಿಲ್ಲ. ಹಾರಲಿಲ್ಲವೆಂದರೆ ಬಟ್ಟೆಗೆ ಬೆಂಕಿ ಇಡುವುದಾಗಿಯೂ ಮಾತು ಬಂತು.

ಆ ದಿನ ಮುಂಜಾನೆ ಉಳವಪ್ಪ ಛತ್ರಿ ಹಾಸಿದ. ಯಾವತ್ತೂ ಹತ್ತಿರ ಬರದ ಸೋಮಪ್ಪ ಅಂದು ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತ. ಒಂದೊಂದೇ ಹಗ್ಗ ಬೆರಳ ನಡುವೆ ಸರಿದು ಹೋಯಿತು. ಚರ್ಮದ ಸುತ್ತು ಬಿಚ್ಚುತ್ತ ಬಂದಾಗ ಒಂದು ಗಂಟಿನ ಪಕ್ಕದಲ್ಲಿ ಬೆರಳು ನಿಂತಿತು. ಹಗ್ಗವನ್ನು ಯಾರೋ ಅರ್ಧಕ್ಕೆ ಕುಯ್ದಿದ್ದರು. ಸವೆದದ್ದಲ್ಲ, ಹರಿತವಾದ ಬಾಯಿಯಿಂದ ಒಂದೇ ಎಳೆತಕ್ಕೆ ಕುಯ್ದದ್ದು. ಬಿಚ್ಚಿ ನೋಡಿದರೆ ಆಚೆಯ ಹಗ್ಗವೂ ಹಾಗೆಯೇ.

ಯಾರು? ಪ್ರೊಫೆಸರ್? ಹೆಣ ಬಿದ್ದರೆ ಹೆಸರು ಇನ್ನೂ ದೊಡ್ಡದಾಗುತ್ತದೆಂದು? ಬೀರಪ್ಪ? ಹಾರುತ್ತೇನೆಂದು ತಾನೇ ಕೇಳಿಕೊಂಡು, ಭಾರ ಹೆಚ್ಚೆಂದು ಬೇಡವೆನಿಸಿಕೊಂಡವನು ಅವನು. ಡೇರೆಯ ಬಾಗಿಲಲ್ಲಿ ಪ್ರೊಫೆಸರ್, ಕಾಲುವೆಯ ಬದಿಗೆ ಬೀರಪ್ಪ, ಇಬ್ಬರೂ ತಮ್ಮ ಪಾಡಿಗೆ ಕೆಲಸದಲ್ಲಿದ್ದರು. ಆಗ ಅವನಿಗೆ ಪಕ್ಕದಲ್ಲಿ ಒಂದು ಉಸಿರು ಕೇಳಿಸಿತು. ಬಹಳ ಹೊತ್ತಿನಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟಂತೆ. ತಿರುಗಿ ನೋಡಿದ. ಸೋಮಪ್ಪ ಹಗ್ಗವನ್ನು ನೋಡುತ್ತಿರಲಿಲ್ಲ. ಉಳವಪ್ಪನ ಮುಖ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು.

"ನೀನ?" ಎಂದ ಉಳವಪ್ಪ ಮೆಲ್ಲಗೆ.

"ನೀವು ನೋಡೇ ನೋಡತೀರಿ ಅಂತ ಗೊತ್ತಿತ್ತರಿ ಮಾವಾ. ಚರ್ಮ ಬಿಚ್ಚಿ ನೋಡಾವ್ರು ನೀವೊಬ್ಬರ." ಸೋಮಪ್ಪ ಕಣ್ಣೊರೆಸಿಕೊಂಡ. "ನನಗ ಆಗೂದಿಲ್ರಿ. ಗಿಡದಾಗ ನೇತಾಡೂದು ಬ್ಯಾರೆ. ಮ್ಯಾಲ ನೋಡಿದ್ರ ಬಿದ್ದ ಬಿಡತೇನಿ ಅನಸತೈತಿ. ಇಷ್ಟ ಮಂದಿ ಮುಂದ ಹೆಂಗ ಒಲ್ಲೆ ಅನ್ಲಿ? ಯಾರೋ ಹಗ್ಗ ಕುಯ್ದಾರ ಅಂದ್ರ ಇವತ್ತ ನಿಂದ್ರತೈತಿ ಅಂದಕೊಂಡೆ."

ಉಳವಪ್ಪನ ಕೈ ಮೇಲೆದ್ದಿತು. ಹೊಡೆಯಲಿಕ್ಕೆ. ಆದರೆ ತನ್ನ ಸಂಶಯದ ಮೇಲೆ ಇಷ್ಟು ಭರವಸೆ ಇಟ್ಟವರನ್ನು ಅವನು ಜೀವನದಲ್ಲಿ ಕಂಡಿರಲಿಲ್ಲ. ಎತ್ತಿದ ಕೈ ಹುಡುಗನ ಹೆಗಲ ಮೇಲೆ ಇಳಿಯಿತು.

"ಡೇರೆದಾಗ ಹೋಗಿ ಬಿದ್ದಕೋ. ಹೊಟ್ಟಿನೋವು ಅನ್ನು. ಮತ್ತೊಂದ ಮಾತ ಆಡಬ್ಯಾಡ."

ಹಗ್ಗ ತೋರಿಸಿದಾಗ ಪ್ರೊಫೆಸರನ ಮುಖ ಕಪ್ಪಾಯಿತು. "ಯಾವ ಹರಾಮಖೋರನ ಕೆಲಸ ಇದು?" ಎಂದು ಬೀರಪ್ಪನತ್ತ ನೋಡಿದ. ಬೀರಪ್ಪ ಅಪರೂಪಕ್ಕೆ ಬಾಯಿ ತೆಗೆದು, "ನಾ ಮುಟ್ಟಿಲ್ಲ, ಎಲ್ಲವ್ವನ ಆಣಿ," ಎಂದ.

"ಇಲಿ ಕಡದೈತಿ," ಎಂದ ಉಳವಪ್ಪ.

ಪ್ರೊಫೆಸರ್ ಹಗ್ಗದ ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಆಮೇಲೆ ಉಳವಪ್ಪನನ್ನು ನೋಡಿದ. ಆಮೇಲೆ ಮುಚ್ಚಿದ ಡೇರೆಯನ್ನು ನೋಡಿದ. "ಹೌದು," ಎಂದ ಕಡೆಗೆ, "ಈ ಕಡೆ ಇಲಿ ಭಾಳ." ಹೊಸ ಹಗ್ಗ ತಂದು ಇಬ್ಬರೂ ಕೂಡಿ ಕಟ್ಟಿದರು. ಉಳವಪ್ಪ ಅದನ್ನು ಬಿಚ್ಚಿ, ಒಳಗಿನ ನಾರು ನೋಡಿ, ಮತ್ತೆ ಕಟ್ಟಿದ.

ಅಷ್ಟರಲ್ಲಿ ಬಯಲು ತುಂಬಿತ್ತು. ಬೀರಪ್ಪ ಬೆಂಕಿ ಹಚ್ಚಿದ. ಕಾಲುವೆಯ ಮೇಲಿನ ತಗಡುಗಳ ಕೆಳಗೆ ಹೊಗೆ ಓಡಿ ಬಲೂನಿನ ಬಾಯಿಗೆ ನುಗ್ಗಿತು. ಮಲಗಿದ್ದ ಬಟ್ಟೆ ಎದ್ದು ಕುಳಿತು, ಎದ್ದು ನಿಂತು, ಅದನ್ನು ಹಿಡಿಯಲು ಕರೆಸಿದ್ದ ಆಳುಗಳನ್ನು ಎಳೆಯತೊಡಗಿತು. ಜನರು ಹಿಂದೆ ಸರಿದರು. ಸೋಮಪ್ಪನ ಹೊಟ್ಟೆನೋವಿನ ಸುದ್ದಿ ಆಗಲೇ ಹಬ್ಬಿತ್ತು. "ಮೋಸ! ಮೋಸ!" ಎಂಬ ಕೂಗಿನೊಡನೆ ಒಂದು ಮಣ್ಣಿನ ಹೆಂಟೆ ಹಾರಿ ಬಂತು. ಉಳವಪ್ಪ ತಿರುಗಿ ನೋಡಿದರೆ ಪ್ರೊಫೆಸರ್ ಯಾರಿಗೂ ಹೇಳದೆ ಚರ್ಮದ ಪಟ್ಟಿಯನ್ನು ತನ್ನ ಎದೆಗೆ ಬಿಗಿದುಕೊಳ್ಳುತ್ತಿದ್ದ. ಆ ಕುಂಟು ಕಾಲಲ್ಲಿ. ಕೊಂಡಿ ಮತ್ತೆ ಮತ್ತೆ ತಪ್ಪುತ್ತಿತ್ತು.

ಇಷ್ಟು ದಿನ ಹುಡುಕಿದ ಮೋಸ ಈ ಮನುಷ್ಯನಲ್ಲಿ ಇಲ್ಲವೆಂದು ಉಳವಪ್ಪನಿಗೆ ಆಗ ಖಾತ್ರಿಯಾಯಿತು. ಹತ್ತಿರ ಹೋಗಿ ಕೊಂಡಿಯ ಮೇಲೆ ಕೈಯಿಟ್ಟ.

"ತಗೀರಿ ಅದನ್ನ. ನಾ ಹೋಗತೇನಿ."

"ನೀವು? ನೀವು ನನ್ನ ನಂಬೂದಿಲ್ಲಲ್ರಿ."

"ನಿಮ್ಮನ್ನ ನಂಬಿ ಹೊಂಟಿಲ್ಲ. ಈ ಛತ್ರಿದಾಗ ನಾ ಮುಟ್ಟದ ಎಳಿ ಒಂದೂ ಇಲ್ಲ."

ಪ್ರೊಫೆಸರ್ ಅವನ ಎದೆಯ ಪಟ್ಟಿ ಬಿಗಿದು, ಕಿವಿಯಲ್ಲಿ ಹೇಳಿದ: "ಜಾರೂ ಹೊತ್ತಾದಾಗ ನಾ ಗರ್ನಾಲ ಹಾರಸತೇನಿ. ಆದ್ರ ನೆಲದ ಮ್ಯಾಲ ನಿಂತಾವನ ಮಾತು ಪೂರಾ ಕೇಳಬ್ಯಾಡ್ರಿ. ಕೆಳಗ ಏನೈತಿ ನೀವ ನೋಡ್ರಿ. ತೀರ ಕೆಳಗ ಬರೂತನಾ ಮಾತ್ರ ಕಾಯಬ್ಯಾಡ್ರಿ. ಛತ್ರಿ ಅರಳಾಕ ಜಾಗಾ ಬೇಕು."

ಆಳುಗಳು ಕೈಬಿಟ್ಟರು. ಉಳವಪ್ಪ ಒಂದಿಷ್ಟು ದೂರ ಓಡಿದ. ಆಮೇಲೆ ಕಾಲಿಗೆ ನೆಲ ಸಿಗಲಿಲ್ಲ. ಕೋಲಿನ ಮೇಲೆ ಕುಳಿತು ಹಗ್ಗ ತಬ್ಬಿಕೊಂಡ. ಜನರ ಗದ್ದಲ ಬಾಗಿಲು ಮುಚ್ಚಿದಂತೆ ನಿಂತುಹೋಯಿತು. ಹೊಗೆಯ ವಾಸನೆ, ಬಟ್ಟೆಯ ಕಿರುಗುಟ್ಟುವಿಕೆ, ಅಷ್ಟೇ. ಕೆಳಗೆ ಸವದತ್ತಿಯ ಕೋಟೆ ಮಕ್ಕಳು ಮಣ್ಣಲ್ಲಿ ಕಟ್ಟಿದಷ್ಟು ಚಿಕ್ಕದು. ಆಚೆ ಮಲಪ್ರಭೆಯ ಹೊಳಪು. ಎಲ್ಲಮ್ಮನ ಗುಡ್ಡ ಅವನ ಕಾಲಿಗಿಂತ ಕೆಳಗೆ. ಭಯ ಬರುತ್ತದೆಂದು ಕಾದ. ಬಂತು. ಆದರೆ ಅದರ ಜೊತೆಗೇ ಹಳೆಯ ಅಭ್ಯಾಸವೂ ಬಂತು: ಕಣ್ಣು ತಾನಾಗಿ ಪ್ರತಿ ಹಗ್ಗವನ್ನು ಮೇಲಿನಿಂದ ಕೆಳಗೆ ಸವರಿಕೊಂಡು ಬಂದಿತು.

ಕೆಳಗೆ ಗರ್ನಾಲು ಸಿಡಿದ ಸದ್ದು ತೆಳ್ಳಗೆ ಕೇಳಿಸಿತು. ಉಳವಪ್ಪ ನೋಡಿದ. ಗಾಳಿ ಅವನನ್ನು ಎಲ್ಲರೂ ಎಣಿಸಿದ್ದಕ್ಕಿಂತ ಆಚೆ ತಂದಿತ್ತು. ಕಾಲ ಕೆಳಗೆ ಪಾಪಾಸುಕಳ್ಳಿಯ ಸಾಲು, ಅದರ ಬದಿಗೆ ಕಲ್ಲಿನ ಕಣಿ. ಜಾರಲಿಲ್ಲ. ಇನ್ನೊಂದು ಗರ್ನಾಲು. ಜಾರಲಿಲ್ಲ. ಬಲೂನು ತಣಿದು ಕೆಳಕ್ಕೆ ಇಳಿಯುವ ಮುಂಚೆ ಒಂದು ಉತ್ತ ಹೊಲ ಕಪ್ಪಗೆ ಸರಿದು ಬಂತು. ಆಗ "ಅಣ್ಣಾ" ಎಂದು, ಜಾರಿದ.

ಆ ಕ್ಷಣದಲ್ಲಿ ಅವನ ಕೈಯಲ್ಲಿ ಮತ್ತೆ ಯಾವ ಭಾರವೂ ಇರಲಿಲ್ಲ. ಆಮೇಲೆ ದಾರ ಹರಿದ ಸಣ್ಣ ಸದ್ದು. ಎದೆಯ ಪಟ್ಟಿ ಜಗ್ಗಿ ಹಿಡಿಯಿತು. ತಲೆಯ ಮೇಲೆ ಬಿಳಿ ಬಟ್ಟೆ ಅರಳಿ ನಿಂತಿತು. ಎಲ್ಲ ಹಗ್ಗಗಳೂ ಬಿಗಿಯಾಗಿ ನಿಂತಿದ್ದವು. ಉಳವಪ್ಪ ಜೋರಾಗಿ ಅತ್ತುಬಿಟ್ಟ. ಕೇಳಲಿಕ್ಕೆ ಯಾರೂ ಇರಲಿಲ್ಲ.

ನೆಲ ಸಮೀಪಿಸಿದಾಗ ಪಾದ ಜೋಡಿಸಿದ, ಮೊಣಕಾಲು ಸಡಿಲ ಬಿಟ್ಟ, ಗದ್ದ ಒತ್ತಿದ, ಉರುಳಿದ. ಗಾಳಿ ಛತ್ರಿಯನ್ನು ಎಳೆಯಹತ್ತಿತು. ಕೆಳಗಿನ ಹಗ್ಗಗಳನ್ನು ಜಗ್ಗಿ ಅದನ್ನು ಮುದುಡಿಸಿದ. ಎದ್ದು ಕುಳಿತಾಗ ಎದುರಿಗೆ ಕುಡುಗೋಲು ಹಿಡಿದ ಮುದುಕಿಯೊಬ್ಬಳು ನಿಂತಿದ್ದಳು. ಆ ಹೊಲದೊಡತಿ ಕರೆವ್ವ.

"ಯಾರ ನೀ? ಪ್ಲೇಗಿನಾವೇನು?"

"ಅಲ್ಲಬೇ ಯವ್ವಾ. ಕಟಕೋಳದಾವ."

"ಕಟಕೋಳದಾವ್ರು ಯಾವಾಗಿಂದ ಮ್ಯಾಲಿಂದ ಬರಾಕ ಹತ್ಯಾರ?" ಕುಡುಗೋಲು ಕೆಳಗಿಳಿಯಲಿಲ್ಲ. "ಕೈ ತೋರಸು. ಸೂಜಿ ಗೀಜಿ ಅದಾವೇನು?"

ಉಳವಪ್ಪ ಎರಡೂ ಕೈ ತೋರಿಸಿದ. ಅಂಗಿ ಜಾಡಿಸಿ ತೋರಿಸಿದ. ಕರೆವ್ವ ಅವನ ತೋಳನ್ನು ಚಿವುಟಿ ನೋಡಿ, ಮನುಷ್ಯನೇ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಕೊಡದಿಂದ ನೀರು ಕೊಟ್ಟಳು. ಜನ ಓಡಿ ಬರುವ ತನಕವೂ ಕುಡುಗೋಲು ಕೈಯಲ್ಲೇ ಇತ್ತು. ಅವಳ ಮೇಲೆ ಉಳವಪ್ಪನಿಗೆ ಬಹಳ ಗೌರವ ಮೂಡಿತು.

ಆ ಚಳಿಗಾಲ ಕಳೆಯುವುದರೊಳಗೆ ಅವನು ಕಿತ್ತೂರಿನಲ್ಲಿ ಹಾರಿದ, ರಾಮದುರ್ಗದಲ್ಲಿ ಹಾರಿದ. ಕಟಕೋಳದಲ್ಲಿ ಮಾತ್ರ ಯಾರೂ ನಂಬಲಿಲ್ಲ. ಕಟ್ಟೆಯ ಮೇಲೆ ಕೂರಿಸಿ ಬಸವಣ್ಣನ ಮೇಲೆ ಆಣೆ ಮಾಡಿಸಿದರು, ಆದರೂ ನಂಬಲಿಲ್ಲ. ಉಳವಪ್ಪ ಸಿಟ್ಟಾಗಲಿಲ್ಲ. ಅವರ ಜಾಗದಲ್ಲಿದ್ದರೆ ತಾನೂ ನಂಬುತ್ತಿರಲಿಲ್ಲ. ಬಾಯವ್ವ ಮಾತ್ರ ಗಂಡನ ಮೈಯ ತರಚುಗಳನ್ನು ಒಂದೊಂದಾಗಿ ನೋಡಿ, ಆ ಮೇಲೆ ಮೂರು ದಿನ ಮಾತು ಬಿಟ್ಟಳು.

ಸೋಮಪ್ಪ ಮನೆಗೆ ಬರಲಿಲ್ಲ, ಡೇರೆಯನ್ನೂ ಬಿಡಲಿಲ್ಲ. ಛತ್ರಿ ಹೊಲಿಯುವುದು, ಮಡಿಸುವುದು ಕಲಿತ. ದಿನಾ ಮುಂಜಾನೆ ಹಗ್ಗ ಸವರಲು ಮಾವನ ಜೊತೆಗೆ ಕುಳಿತ. ಬೇವಿನ ಮರದಿಂದ ಎತ್ತರದ ಮರಕ್ಕೆ, ಮರದಿಂದ ನೆಲಕ್ಕೆ ಹಗ್ಗ ಕಟ್ಟಿ ನಿಲ್ಲಿಸಿದ ಬಲೂನಿಗೆ, ಸ್ವಲ್ಪ ಸ್ವಲ್ಪವಾಗಿ ಹೆದರಿಕೆಯನ್ನು ಮೇಲಕ್ಕೆ ಒಯ್ದ. ಒಲ್ಲೆ ಅನಿಸಿದ ದಿನ ಬಾಯಿಬಿಟ್ಟು ಒಲ್ಲೆ ಅಂದ. ಪ್ರೊಫೆಸರ್ ಅಂದು ಅವನನ್ನು ಬಿಟ್ಟುಬಿಡುತ್ತಿದ್ದ. ಮರುವರ್ಷ ಬೈಲಹೊಂಗಲದಲ್ಲಿ, ಹತ್ತಿಯ ಸುಗ್ಗಿ ಮುಗಿದ ಮೇಲೆ, "ಮಾವಾ, ಇವತ್ತ ನಾ ಹೋಗತೇನಿ," ಎಂದ.

ಬಾಯವ್ವನೂ ಬಂದಿದ್ದಳು. ಬಲೂನು ನೆಲ ಬಿಟ್ಟಿದ್ದೇ ತಡ, ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಗಂಡನ ಪಕ್ಕದಲ್ಲಿ ನಿಂತಳು. ಉಳವಪ್ಪ ಕತ್ತು ಎತ್ತಿ ನೋಡುತ್ತಿದ್ದ. ಗರ್ನಾಲು ಸಿಡಿಯಿತು. ಜನರ ಗಂಟಲಿನಿಂದ ಒಂದೇ ಸದ್ದು ಹೊರಟಿತು.

"ಏನಾತ್ರಿ?" ಎಂದಳು ಬಾಯವ್ವ, ಸೆರಗು ತೆಗೆಯದೆ.

"ಜಾರಿದ."

"ಛತ್ರಿ?"

"ಅರಳೇತಿ. ಇಳಿಯಾಕ ಹತ್ಯಾನ."

"ನನ್ನ ಸಮಾಧಾನಕ್ಕ ಹೇಳಾಕ ಹತ್ತೀರಿ."

"ಹಂಗಾರ ಕಣ್ಣ ತಗದ ನೋಡು," ಎಂದ ಉಳವಪ್ಪ. ಬಾಯವ್ವ ಸೆರಗಿನ ಒಂದು ಅಂಚನ್ನಷ್ಟೇ ಸರಿಸಿದಳು.